ಕತ್ತೆಮರಿಯ ಎಡಗಿವಿ

ನಾನು ಕೆಲಸಕ್ಕೆ ಸೇರಿದ ದಿನ ಆ ಕೋಣೆಯ ಗೋಡೆಗುಂಟ ಅರವತ್ತಮೂರು ತಗಡಿನ ಪೆಟ್ಟಿಗೆಗಳಿದ್ದವು. ಒಂದೊಂದರಲ್ಲೂ ಏಳೆಂಟು ನೂರು ಹಾಳೆ, ಒಂದೊಂದು ಹಾಳೆಯ ಮೇಲೂ ಅದೇ ಒಂದು ಕತ್ತೆಮರಿ. ನಲವತ್ತು ವರ್ಷಗಳ ಹಿಂದೆ ಇವನ್ನೆಲ್ಲ ಕೈಯಲ್ಲಿ ಬರೆದು ಒಂದು ಸಿನಿಮಾ ಮಾಡಿದ್ದರು. ಹಾಳೆಯನ್ನು ಸ್ಕ್ಯಾನರಿನ ಗಾಜಿನ ಮೇಲಿಡುವುದು, ಮುಚ್ಚಳ ಮುಚ್ಚುವುದು, ಗುಂಡಿ ಒತ್ತುವುದು, ಪರದೆಗೆ ಬಂದ ಚಿತ್ರದ ಮೇಲಿನ ಧೂಳಿನ ಚುಕ್ಕೆಗಳನ್ನು ಅಳಿಸಿ ನಂಬರು ಕೊಡುವುದು, ಇಷ್ಟೇ ನನ್ನ ಕೆಲಸ. ಯಾರ ಜೊತೆಯೂ ಮಾತಾಡಬೇಕಾಗಿರಲಿಲ್ಲ. ಅದಕ್ಕೇ ನನಗೆ ಆ ಕೆಲಸ ಹಿಡಿಸಿತ್ತು.

ಆ ಸಿನಿಮಾವನ್ನು ನೋಡದವರು ಕಡಿಮೆ. ಚಿಕ್ಕಪ್ಪನ ಮನೆಯಲ್ಲಿ ನಾನೇ ಏಳು ಸಲ ನೋಡಿದ್ದೆ. ಇಟ್ಟಿಗೆ ಗೂಡಿನ ಹತ್ತಿರ ಹುಟ್ಟಿದ ಒಂದು ಕತ್ತೆಮರಿ. ಮೊದಲ ನಿಮಿಷದಲ್ಲೇ ಗೇಟು ಬಡಿದು ಅದರ ಎಡಗಿವಿಯ ತುದಿ ಮಡಚಿಹೋಗುತ್ತದೆ. ಗೇಟಿನ ಆಚೆ ತಾಯಿಯನ್ನು ಗಾಡಿಗೆ ಹತ್ತಿಸಿ ಒಯ್ಯುತ್ತಾರೆ. ಆಮೇಲೆ ಎಂಬತ್ತು ನಿಮಿಷ ಮರಿ ಊರೆಲ್ಲ ಅಲೆದು ತಾಯಿಯನ್ನು ಹುಡುಕುತ್ತದೆ, ಒಂದು ಮಾತೂ ಆಡುವುದಿಲ್ಲ. ಕೊನೆಗೆ ತಾಯಿ ಸಿಕ್ಕಿ ಆ ಮಡಚಿದ ಕಿವಿಯನ್ನು ನೆಕ್ಕುವಾಗ ಅಳದವರನ್ನು ನಾನು ಕಂಡಿಲ್ಲ. ನನ್ನ ಅಕ್ಕ ಒಬ್ಬಳು ಮಾತ್ರ ಪ್ರತಿ ಸಲವೂ ಕಣ್ಣಿಗೆ ಕಸ ಬಿತ್ತು ಅನ್ನುತ್ತಿದ್ದಳು.

ನಾನು ಸೇರಿ ಒಂದೂವರೆ ವರ್ಷವಾದ ಮೇಲೆ ಅದನ್ನೇ ಮಕ್ಕಳ ಟಿವಿ ಧಾರಾವಾಹಿ ಮಾಡತೊಡಗಿದ್ದರು. ಹನ್ನೊಂದು ನಿಮಿಷದ ಇಪ್ಪತ್ತಾರು ಕಂತು. ಸಿನಿಮಾಕ್ಕೆ ನಾಲ್ಕು ವರ್ಷ ಹಿಡಿದಿತ್ತಂತೆ, ನಮಗೆ ಇದ್ದದ್ದು ಹತ್ತು ತಿಂಗಳು. ಹಾಗಾಗಿ ಮರಿಗೆ ಮಾತು ಬಂತು. ಮಾತಾಡುವಾಗ ಬಾಯಿ ಒಂದು ಅಲ್ಲಾಡಿದರೆ ಸಾಕು, ಉಳಿದ ಮೈಯನ್ನು ಮತ್ತೆ ಬರೆಯಬೇಕಾಗಿಲ್ಲ. ಎಂಬತ್ತು ನಿಮಿಷ ತುಟಿ ಬಿಚ್ಚದ ಪ್ರಾಣಿ ಈಗ ಬಾಗಿಲು ದಾಟುವ ಮೊದಲೇ ವರದಿ ಒಪ್ಪಿಸುತ್ತಿತ್ತು. ನಮ್ಮ ನಿರ್ದೇಶಕರಿಗೆ ಇದರಿಂದ ಸಂಕಟವಾಗದೆ ಇರಲಿಲ್ಲ. ಆದರೆ ಸಂಕಟಪಡಲು ಅವರಿಗೆ ಪುರುಸೊತ್ತಿರಲಿಲ್ಲ. ಎಲ್ಲರೂ ಅವರನ್ನು ಬೆನ್ನ ಹಿಂದೆ ಗಡಿಬಿಡಿ ಸರ್ ಎನ್ನುತ್ತಿದ್ದರು.

ನನ್ನ ಕೋಣೆಗೂ ಪಕ್ಕದ ಚಿತ್ರದ ಕೋಣೆಗೂ ನಡುವೆ ಗಾಜಿನ ಬಾಗಿಲು. ಅಲ್ಲಿ ಏಳು ಬೆಳಕಿನ ಮೇಜುಗಳಿದ್ದವು. ಮೇಜಿನ ಮೇಲ್ಭಾಗವೇ ಗಾಜು, ಅದರ ಕೆಳಗೆ ದೀಪ. ಒಂದು ಹಾಳೆಯ ಮೇಲೆ ಇನ್ನೊಂದನ್ನಿಟ್ಟರೆ ಕೆಳಗಿನ ಗೆರೆ ಕಾಣುತ್ತದೆ. ಆರು ಮೇಜುಗಳಲ್ಲಿ ಆರು ಮಂದಿ ತಲೆ ಬಗ್ಗಿಸಿ ಬರೆಯುತ್ತಿದ್ದರು. ಏಳನೆಯದು ಖಾಲಿ. ಅದರಲ್ಲಿದ್ದವರು ಬೇರೆ ಕಡೆ ಹೋಗಿದ್ದರು. ಟಿವಿಯವರು ಮೊದಲ ಕಂತು ನೋಡಿ ಒಪ್ಪಿದ ಮೇಲೆ ಆ ಕುರ್ಚಿಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಚಿತ್ರಕಲಾ ಶಾಲೆಯಲ್ಲಿ ಓದಿದವರ ಅರ್ಜಿಗಳು ಒಂದು ಫೈಲು ತುಂಬ ಬಂದಿದ್ದವು. ಆ ಫೈಲನ್ನು ನಾನೇ ಕಪಾಟಿನಲ್ಲಿಟ್ಟಿದ್ದೆ.

ನನಗೆ ಆ ಕುರ್ಚಿ ಬೇಕಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಎಂಟನೇ ತರಗತಿಯಲ್ಲಿ ನಾನು ಶಾಲೆ ಬಿಟ್ಟವಳು. ಅಪ್ಪ ಕಾಲು ಮುರಿದುಕೊಂಡು ಮಲಗಿದಾಗ ಅಮ್ಮ, ಅಕ್ಕ ರಟ್ಟಿನ ಡಬ್ಬದ ಕಾರ್ಖಾನೆಗೆ ಹೋದರು, ಅಪ್ಪನನ್ನೂ ತಮ್ಮನನ್ನೂ ನೋಡಿಕೊಳ್ಳಲು ನಾನು ಮನೆಯಲ್ಲಿ ಉಳಿದೆ. ಅಪ್ಪ ಎದ್ದು ಓಡಾಡುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ನನ್ನ ಭುಜದೆತ್ತರದ ಮಕ್ಕಳ ನಡುವೆ ಮತ್ತೆ ಹೋಗಿ ಕೂರಲು ನನಗೆ ನಾಚಿಕೆಯಾಯಿತು. ಈಗ ಪೆಟ್ಟಿಗೆಗಳು ಮುಗಿಯುತ್ತ ಬಂದಿದ್ದವು. ಕೊನೆಯ ಪೆಟ್ಟಿಗೆ ಮುಗಿದರೆ ನನ್ನ ಕೆಲಸವೂ ಮುಗಿದಂತೆ.

"ನಮ್ಮ ಮೇಸ್ತ್ರಿಗೆ ಹೇಳಿದ್ದೀನಿ," ಅಂದಳು ಅಕ್ಕ, ಊಟಕ್ಕೆ ಕೂತಾಗ. "ಮುಂದಿನ ತಿಂಗಳಿಂದ ಬಾ ಅಂದ್ರು. ಡಬ್ಬ ಮಡಚೋ ಕೆಲಸ. ಬಾಯಿ ಬೇಕಾಗಿಲ್ಲ, ನಿನಗೆ ಹೇಳಿ ಮಾಡಿಸಿದ ಹಾಗಿದೆ."

"ಹೂಂ," ಅಂದೆ.

"ನೋಡಮ್ಮ, ಹೂಂ ಅಂದ್ಲು. ಇವತ್ತಿನ ಕೋಟಾ ಮುಗೀತು ಮೌನಗೌರಿದು."

"ಸುಮ್ನಿರೇ," ಅಂದಳು ಅಮ್ಮ. "ನೀನು ಇಬ್ಬರದ್ದೂ ಆಡ್ತೀಯಲ್ಲ, ಸರಿಹೋಯ್ತು."

ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವನನ್ನು ಉಲ್ಟಾ ಅಣ್ಣ ಎನ್ನುತ್ತಿದ್ದೆವು. ನಾನು ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳನ್ನೂ ಆ ಆರು ಮಂದಿ ಬರೆದ ಹೊಸ ಚಿತ್ರಗಳನ್ನೂ ಹಿನ್ನೆಲೆಯ ಮೇಲೆ ಕೂರಿಸಿ ದೃಶ್ಯ ಮಾಡುವುದು ಅವನ ಕೆಲಸ. ಮರಿ ಬಲಕ್ಕೆ ನಡೆಯುವ ಚಿತ್ರ ಇದ್ದರೆ, ಎಡಕ್ಕೆ ನಡೆಯುವುದನ್ನು ಬೇರೆ ಬರೆಸುತ್ತಿರಲಿಲ್ಲ. ಇದ್ದದ್ದನ್ನೇ ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿಬಿಡುತ್ತಿದ್ದ. ತಿರುಗಿಸಿದ ಪ್ರತಿ ಚಿತ್ರದ ನಂಬರಿನ ಮುಂದೆ ಗುರುತಿಗಾಗಿ 'ಉ' ಎಂದು ಬರೆಯುತ್ತಿದ್ದ.

"ಕತ್ತೆ ಒಂದೇ, ದಾರಿ ಎರಡು," ಅನ್ನುತ್ತಿದ್ದ. "ಅರ್ಧ ಕೆಲಸ ಉಳೀತು ನೋಡು."

ಒಂದು ಮಧ್ಯಾಹ್ನ ಪೆಟ್ಟಿಗೆಯ ನಂಬರು ಕೇಳಲು ಅವನ ಬಳಿ ಹೋದಾಗ ಪರದೆಯಲ್ಲಿ ಮರಿ ಎಡಕ್ಕೆ ನಡೆಯುತ್ತಿತ್ತು. ಮಡಚಿದ್ದು ಬಲಗಿವಿ. ಬಾಗಿಲು ದಾಟಿ ಬಂದಾಗ ಎಡಗಿವಿ ಮಡಚಿತ್ತು, ಹಿಂದಿರುಗಿ ಹೋಗುವಾಗ ಬಲಗಿವಿ. ಪರಿಚಯದವರೊಬ್ಬರು ಮನೆಯೊಳಗೆ ಹೋಗಿ ಬೇರೆ ಮುಖ ಹೊತ್ತು ಹೊರಗೆ ಬಂದ ಹಾಗೆ.

ನಾನು ಅಲ್ಲೇ ನಿಂತಿದ್ದೆ. ಅವನು ತಿರುಗಿ ನೋಡಿದ. "ಏನು ತಂಗಿ?"

"ಕಿವಿ," ಅಂದೆ.

"ಏನು ಕಿವಿ?"

"ತಿರುಗಿಸಿದಾಗ ಕಿವಿನೂ ಆ ಕಡೆ ಹೋಗುತ್ತೆ."

ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ. "ಹೌದಲ್ವಾ. ಆರು ತಿಂಗಳಿಂದ ತಿರುಗಿಸ್ತಿದ್ದೀನಿ, ಒಬ್ಬರಾದ್ರೂ ಹೇಳ್ಲಿಲ್ಲ." ಆಮೇಲೆ ಕೈ ಆಡಿಸಿದ. "ಬಿಡು. ಮಕ್ಕಳಿಗೆ ಅಷ್ಟೆಲ್ಲ ಗೊತ್ತಾಗಲ್ಲ. ಸರ್‌ಗೆ ಹೇಳಿದ್ರೆ ಗಡಿಯಾರ ತೋರಿಸ್ತಾರೆ."

ನಾನು ಆಗಲೂ ಅಲ್ಲೇ ನಿಂತಿದ್ದೆ. ಬೇಕಂತ ನಿಂತದ್ದಲ್ಲ, ಹೇಗೆ ಹೊರಡಬೇಕೆಂದು ತಿಳಿಯಲಿಲ್ಲ.

"ಅಷ್ಟು ಸಂಕಟ ಆದ್ರೆ ನೀನೇ ತಿದ್ದಿ ಅದೇ ನಂಬರಿಗೆ ಹಾಕಮ್ಮ," ಅಂದ ನಗುತ್ತ. "ನನ್ನನ್ನೇನೂ ಕೇಳ್ಬೇಡ."

ಅವನು ತಮಾಷೆಗೆ ಹೇಳಿದ್ದು ಎಂದು ನನಗೂ ಗೊತ್ತಿತ್ತು. ಆದರೆ ಹೇಳಿದ್ದಂತೂ ನಿಜ.

ಮಾರನೆಯ ದಿನದಿಂದ ಊಟದ ಹೊತ್ತಿನಲ್ಲಿ ಶುರುಮಾಡಿದೆ. ಉ ಎಂದು ಬರೆದ ನಂಬರುಗಳ ಪಟ್ಟಿ ತೆಗೆದೆ. ಮೊದಲ ಕಂತಿಗೆ ಇನ್ನೂರ ಹನ್ನೆರಡು ಚಿತ್ರಗಳಿದ್ದವು. ಒಂದೊಂದನ್ನೂ ಎರಡೂ ಕಿವಿ ಅಳಿಸಿ ಮುದ್ರಿಸಿಕೊಂಡು, ಹಳೆಯ ಪೆಟ್ಟಿಗೆಯಿಂದ ಅದೇ ಭಂಗಿಯ ಕಿವಿ ಹುಡುಕಿ, ಹಾಳೆಯ ಮೇಲೆ ಹಾಳೆಯಿಟ್ಟು ಕಿಟಕಿಯ ಗಾಜಿಗೆ ಒತ್ತಿಹಿಡಿದು ಬರೆಯುತ್ತಿದ್ದೆ. ಭಾನುವಾರಗಳಲ್ಲಿ ಮನೆಯ ಕಿಟಕಿಗೆ ಹಾಳೆ ಹಿಡಿದು ಇದನ್ನೇ, ಕೆಲಸಕ್ಕೆ ಸೇರಿದಾಗಿನಿಂದ ಎರಡು ವರ್ಷ, ಅಭ್ಯಾಸ ಮಾಡಿದ್ದೆ, ಕೈಗೆ ಹೊಸದಾಗಿರಲಿಲ್ಲ. ಆಫೀಸಿನ ಕೆಳಗೆ ಬೀದಿಯಲ್ಲಿ ಸೈಕಲ್ ರಿಪೇರಿಯವನು ದಿನವೂ ತಲೆಯೆತ್ತಿ ನೋಡುತ್ತಿದ್ದ. ಒಂದು ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿಯೇಬಿಟ್ಟ. "ಏನಮ್ಮ, ದಿನಾ ಅದೇ ಗಾಜು ಒರೆಸ್ತೀಯಲ್ಲ, ಕೊಳೆ ಹೋಗ್ಲಿಲ್ವಾ?"

ಮೂರು ವಾರದಲ್ಲಿ ಮುಗಿಯಿತು. ಇನ್ನೂರ ಹನ್ನೆರಡೂ ಸ್ಕ್ಯಾನ್ ಆಗಿ, ಅದೇ ನಂಬರಿನಲ್ಲಿ ಕಂಪ್ಯೂಟರಿನ ಹಳೆಯ ಚಿತ್ರಗಳ ಜಾಗಕ್ಕೆ ಹೋದವು. ಉಲ್ಟಾ ಅಣ್ಣನಿಗೆ ಆ ಮಾತು ಆಡಿದ ನೆನಪೂ ಇರಲಿಲ್ಲ, ಆ ದೃಶ್ಯಗಳನ್ನು ಮುಗಿಸಿ ಅವನು ಮುಂದಿನ ಕಂತಿಗೆ ಹೋಗಿದ್ದ. ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಅನ್ನಿಸಿತ್ತು. ಹೇಳುವ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡೂ ಇದ್ದೆ. ಅಷ್ಟರಲ್ಲಿ ಕಂತು ತೋರಿಸುವ ದಿನ ಬಂತು.

ಹತ್ತಿರದ ಶಾಲೆಯ ಮೂವತ್ತು ಮಕ್ಕಳನ್ನು ಕರೆತಂದು ಹಾಲಿನಲ್ಲಿ ಚಾಪೆಯ ಮೇಲೆ ಕೂರಿಸಿದರು. ಹಿಂದಿನ ಸಾಲಿನ ಕುರ್ಚಿಗಳಲ್ಲಿ ಟಿವಿಯವರ ಕಡೆಯ ಮೇಡಂ, ಗಡಿಬಿಡಿ ಸರ್, ಮತ್ತು ಗೆರೆ ಅಜ್ಜಿ. ಗೆರೆ ಅಜ್ಜಿ ಎಂದರೆ ನಲವತ್ತು ವರ್ಷದ ಹಿಂದೆ ಆ ಕತ್ತೆಮರಿಯನ್ನು ಮೊದಲು ಬರೆದವರು. ಈಗ ಎಪ್ಪತ್ತೈದಾಗಿತ್ತು. ಅವರು ನೋಡಿ ತಲೆಯಾಡಿಸದೆ ಒಂದು ಕಂತೂ ಹೊರಗೆ ಹೋಗಬಾರದೆಂದು ಒಪ್ಪಂದವಾಗಿತ್ತು. ನಾವೆಲ್ಲ ಗೋಡೆಗೆ ಒರಗಿ ನಿಂತೆವು.

ಮರಿ ಬಂತು. ಬಂದ ಕೂಡಲೇ ಮಾತಿಗೆ ಶುರುವಾಯಿತು.

"ಇವನಿಗೆ ಇಷ್ಟು ಮಾತಾಡೋಕೆ ಯಾರು ಕಲಿಸಿದ್ರು?" ಅಂದರು ಅಜ್ಜಿ, ಸ್ವಲ್ಪ ಜೋರಾಗೇ.

"ಕಾಲ ಬದಲಾಯ್ತಲ್ಲ ಅಜ್ಜಿ," ಅಂದರು ಸರ್.

"ಕತ್ತೆಗೂ ಬದಲಾಯ್ತಾ?"

ಮಕ್ಕಳು ಮಾತ್ರ ನಗುತ್ತಿದ್ದರು. ಬಕೆಟ್ಟಿನಲ್ಲಿ ತಲೆ ಸಿಕ್ಕಿಹಾಕಿಕೊಂಡಾಗ ಒಬ್ಬ ಹುಡುಗ ಚಾಪೆಯ ಮೇಲೆ ಉರುಳಿಯೇಬಿಟ್ಟ. ಮರಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಕಿವಿ ಇದ್ದಲ್ಲೇ ಇತ್ತು. ಪ್ರತಿ ತಿರುವನ್ನೂ ನಾನು ಖುಷಿಯಿಂದ ಎಣಿಸಿದೆ.

ಏಳನೆಯ ನಿಮಿಷದಲ್ಲಿ ಮರಿ ಕ್ಷೌರದಂಗಡಿಯೊಳಗೆ ಹೋಗಿ ದೊಡ್ಡ ಕನ್ನಡಿಯ ಮುಂದೆ ನಿಂತಿತು. ನಮಗೆ ಕಾಣುವುದು ಅದರ ಬೆನ್ನು, ಕನ್ನಡಿಯಲ್ಲಿ ಮುಖ. "ಅರೆ, ನನ್ನ ಹಾಗೇ ಇದ್ದೀಯಲ್ಲ," ಅಂತು ಮರಿ.

ಮುಂದಿನ ಸಾಲಿನಲ್ಲಿ ಒಂದೇ ಜಡೆಗೆ ರಿಬ್ಬನ್ ಉಳಿದಿದ್ದ ಹುಡುಗಿಯೊಬ್ಬಳು ಹೇಳಿದಳು, "ಅದು ಕನ್ನಡಿ ಅಲ್ಲ. ಕಿಟಕಿ."

"ಕ್ಷೌರದಂಗಡೀಲಿ ಕನ್ನಡಿನೇ ಇರೋದು," ಅಂದ ಪಕ್ಕದವನು. "ನಮ್ಮ ಮಾವಂದೇ ಅಂಗಡಿ ಇದೆ."

"ಹಾಗಾದ್ರೆ ಕಿವಿ ಆ ಕಡೆ ಯಾಕಿದೆ?" ಅವಳು ಎದ್ದು ನಿಂತು ತನ್ನ ಜಡೆ ಹಿಡಿದುಕೊಂಡಳು. "ನನ್ನ ರಿಬ್ಬನ್ ಈ ಕಡೆ ಇದೆ. ಕನ್ನಡೀಲೂ ಈ ಕಡೇನೇ ಕಾಣುತ್ತೆ. ಎದುರಿಗೆ ಬಂದು ನಿಂತವರದ್ದು ಮಾತ್ರ ಆ ಕಡೆ ಕಾಣೋದು. ಅದು ಬೇರೆ ಕತ್ತೆ. ಕಿಟಕಿ ಆಚೆ ನಿಂತಿದೆ."

"ಅದು ಅವನಮ್ಮ," ಅಂತು ಹಿಂದಿನಿಂದ ಒಂದು ದನಿ.

"ಅಮ್ಮ ಅಷ್ಟು ಚಿಕ್ಕದಿರುತ್ತಾ? ಅಣ್ಣ ಇರಬೇಕು."

ಕ್ಷಣದಲ್ಲಿ ಚಾಪೆ ಎರಡು ಪಕ್ಷವಾಯಿತು, ಕನ್ನಡಿಯವರು ಮತ್ತು ಕಿಟಕಿಯವರು. ಉಳಿದ ನಾಲ್ಕು ನಿಮಿಷ ಮರಿ ಏನು ಮಾತಾಡಿತೋ ಯಾರಿಗೂ ಕೇಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ನನಗೆ ಮಾತ್ರ ಏನಾಯಿತೆಂದು ಗೊತ್ತಾಗಿತ್ತು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದರಿಂದ ಅದರೊಳಗಿನ ಮುಖವನ್ನು ಉಲ್ಟಾ ಅಣ್ಣ ಬೇಕಂತಲೇ ತಿರುಗಿಸಿದ್ದ. ತಿರುಗಿಸಿದ್ದರಿಂದ ಅದಕ್ಕೂ ಉ ಬಿದ್ದಿತ್ತು. ನನ್ನ ಕೈಗೆ ಬಂದದ್ದು ಬರೀ ಮುಖದ ಹಾಳೆಗಳು, ಕನ್ನಡಿಯ ಚೌಕಟ್ಟು ಹಿನ್ನೆಲೆಯ ಚಿತ್ರದಲ್ಲಿತ್ತು. ಸರಿಯಾಗಿದ್ದ ಒಂದೇ ಒಂದು ಕಡೆ ನಾನು ತಿದ್ದಿ ಕೆಡಿಸಿದ್ದೆ.

ಮಕ್ಕಳು ಬಿಸ್ಕತ್ತು ತಿನ್ನಲು ಹೊರಗೆ ಹೋದ ಮೇಲೆ ಮೇಡಂ ತಮ್ಮ ಪುಸ್ತಕ ಮುಚ್ಚಿದರು. "ಮಕ್ಕಳಿಗೆ ಇಷ್ಟ ಆಗಿದೆ. ನಮ್ಮ ಕಡೆಯಿಂದ ಒಪ್ಪಿಗೆ. ಕನ್ನಡಿ ಒಂದು ಸರಿಮಾಡಿ ಕೊಡಿ, ಅಷ್ಟೇ." ಹೊರಡುವಾಗ ಸೇರಿಸಿದರು, "ಸದ್ಯ, ಬೇರೆ ಎಲ್ಲೂ ಕಿವಿ ತಪ್ಪಿಲ್ಲ. ಆ ಹುಡುಗಿ ಬಿಡ್ತಿರಲಿಲ್ಲ."

ಸರ್ ಬಾಗಿಲವರೆಗೆ ಹೋಗಿ ಅವರನ್ನು ಕಳಿಸಿ ವಾಪಸ್ಸು ಬಂದರು. ಮುಖದಲ್ಲಿ ಖುಷಿಯೂ ಇತ್ತು, ಅನುಮಾನವೂ ಇತ್ತು. "ಒಂದು ನಿಮಿಷ," ಅಂದರು. "ನಾವು ಎಲ್ಲಾನೂ ತಿರುಗಿಸೋದು ತಾನೇ? ಹಾಗಾದ್ರೆ ಎಲ್ಲಾ ಕಡೆ ಕಿವಿ ತಪ್ಪಿರಬೇಕು, ಕನ್ನಡೀಲಿ ಮಾತ್ರ ಸರಿ ಇರಬೇಕು. ಇಲ್ಲಿ ಪೂರ್ತಿ ಉಲ್ಟಾ ಆಗಿದೆಯಲ್ಲ."

ಉಲ್ಟಾ ಅಣ್ಣ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಚಿತ್ರ ತೆಗೆದು ನೋಡಿದ. ಬೆವರು ಒರೆಸಿಕೊಂಡ. "ಸರ್, ನಾನು ತಿರುಗಿಸಿದ ಕತ್ತೆ ತಿರುಗೇ ಇಲ್ಲ."

"ಏನು ಹಾಗಂದ್ರೆ?"

"ಮೈ ತಿರುಗಿದೆ. ಕಿವಿ ತಿರುಗಿಲ್ಲ."

"ಕಿವಿ ಏನು ಅದರಷ್ಟಕ್ಕೆ ಅದು ನಡ್ಕೊಂಡು ಹೋಯ್ತಾ? ಮುಗಿದ ದೃಶ್ಯ ನಿನ್ನ ಹತ್ರ ತಾನೇ ಇರೋದು? ಯಾರು ಕೈ ಹಾಕಿದ್ದು? ಅಜ್ಜಿ ನೋಡೋ ಮೊದಲು, ನನಗೂ ಹೇಳದೆ?"

ಅವನು ತಲೆ ಕೆರೆದುಕೊಳ್ಳುತ್ತ ಕೂತ. ಬೈಗುಳ ಅವನ ಮೇಲೆ ಬೀಳುವುದು ಖಚಿತವಾಗಿತ್ತು. ಏಳನೆಯ ಮೇಜು ಗಾಜಿನ ಬಾಗಿಲ ಆಚೆ ಕಾಣುತ್ತಿತ್ತು. ಈಗ ಬಾಯಿಬಿಟ್ಟರೆ ಆ ಕುರ್ಚಿ ಹೋಗುತ್ತದೆ, ಪೆಟ್ಟಿಗೆಯ ಕೆಲಸವೂ ಇವತ್ತೇ ಹೋಗಬಹುದು. ಡಬ್ಬ ಮಡಚುವುದು ಅಷ್ಟೇನೂ ಕಷ್ಟವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ನಾನು," ಅಂದೆ.

ಯಾರಿಗೂ ಕೇಳಲಿಲ್ಲ. ನನ್ನ ದನಿಯೇ ಹಾಗೆ.

"ನಾನು, ಸರ್. ಇನ್ನೂರ ಹನ್ನೆರಡೂ."

ಎಲ್ಲರೂ ತಿರುಗಿದರು. ಆ ಕೋಣೆಯಲ್ಲಿ ಹಲವರು ನನ್ನ ದನಿ ಕೇಳಿದ್ದು ಅದೇ ಮೊದಲು. ಬೆಳಕಿನ ಮೇಜಿನವರಲ್ಲಿ ಒಬ್ಬರು "ಇವರಿಗೆ ಮಾತು ಬರುತ್ತಾ?" ಎಂದು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು.

"ಅಯ್ಯೋ," ಅಂದ ಉಲ್ಟಾ ಅಣ್ಣ, ಹಣೆಗೆ ಕೈಯಿಟ್ಟು. "ನಾನೇ ಹೇಳಿದ್ದೆ ಸರ್. ನೀನೇ ತಿದ್ಕೋ ಅಂದಿದ್ದೆ. ಮಾತಿಗಂದೆ, ಇವಳು ಮಾಡೇಬಿಟ್ಟಿದ್ದಾಳೆ."

"ಸ್ಕ್ಯಾನ್ ಮಾಡೋ ಹುಡುಗಿ ಬರೆದದ್ದಾ ಇದು?" ಸರ್ ಪರದೆಗೆ ಮೂಗು ತಗುಲಿಸುವಷ್ಟು ಹತ್ತಿರ ಹೋದರು. "ಯಾವುದು ಹೊಸದು, ಯಾವುದು ಹಳೇದು ಅಂತ ನನಗೆ ಗೊತ್ತೇ ಆಗ್ತಿಲ್ಲ."

"ನನಗೆ ಗೊತ್ತಾಗುತ್ತೆ," ಅಂದರು ಅಜ್ಜಿ. "ಇಪ್ಪತ್ತು ತೆಗೆದು ಕೊಡಿ. ಹತ್ತು ನಂದು, ಹತ್ತು ಅವಳದು. ಕಲಸಿ ಕೊಡಿ."

ಮುದ್ರಿಸಿ ಮೇಜಿನ ಮೇಲೆ ಹರಡಿದರು. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು, ಇಸ್ಪೀಟು ಎಲೆ ಆರಿಸುವವರ ಹಾಗೆ ಒಂದೊಂದೇ ಎತ್ತಿದರು. "ಇದು ಅವಳದು. ಇದೂ. ನೋಡಿ, ಈ ಗೆರೆ ಹೇಗೆ ಹೋಗ್ತಿದೆ ಅಂತ. ತಪ್ಪಾಯ್ತು, ತಪ್ಪಾಯ್ತು ಅಂತ ಎಲ್ಲರನ್ನೂ ಕೇಳ್ಕೊಂಡು ಹೋಗ್ತಿದೆ. ಕತ್ತೆಗೆ ಯಾರ ಹೆದರಿಕೆ?"

ಕೆಲವರು ನಕ್ಕರು. ನಾನು ನೆಲ ನೋಡಿದೆ. ಏಳನ್ನು ಅವರು ಬೇರೆ ಇಟ್ಟರು, ಏಳೂ ನನ್ನವೇ. ಉಳಿದ ಹದಿಮೂರನ್ನು ಅಂಗೈಯಲ್ಲಿ ನೇವರಿಸಿ ಜೋಡಿಸಿದರು. "ಇವೆಲ್ಲ ನನ್ನವು."

"ಹತ್ತೇ ಇರಬೇಕು ಅಜ್ಜಿ," ಅಂದ ಉಲ್ಟಾ ಅಣ್ಣ. "ಹದಿಮೂರಿದೆ."

"ನನ್ನ ಗೆರೆ ನನಗೆ ಗೊತ್ತಿಲ್ವೇನೋ? ಇದು ನೋಡು, ಈ ಕಿವಿ." ಒಂದು ಹಾಳೆ ಎತ್ತಿ ಹಿಡಿದರು. "ಇದನ್ನು ಬರೆದ ದಿನ ಜೋರು ಮಳೆ, ಕರೆಂಟಿರಲಿಲ್ಲ. ಬಾಗಿಲ ಹತ್ರ ಕೂತು ಬರೆದಿದ್ದೆ. ಚೆನ್ನಾಗಿ ಜ್ಞಾಪಕ ಇದೆ."

ಅವನು ನಂಬರು ನೋಡಿದ, ಪಟ್ಟಿ ನೋಡಿದ. ಹೇಳಲೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದ. "ಅಜ್ಜಿ, ಅದು ಹೋದ ತಿಂಗಳು ಹದಿನಾಲ್ಕನೇ ತಾರೀಖು ಬರೆದದ್ದು. ಇವಳದು."

ಅಜ್ಜಿ ಆ ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ಹಿಡಿದರು. ಆಮೇಲೆ ನನ್ನನ್ನು ನೋಡಿದರು. "ಅವತ್ತು ಮಳೆ ಬಂದಿತ್ತಾ?"

"ಇಲ್ಲ ಅಜ್ಜಿ. ಬಿಸಿಲಿತ್ತು."

"ಏನು ಯೋಚನೆ ಮಾಡ್ತಿದ್ದೆ ಬರೆಯುವಾಗ?"

"ಏನೂ ಇಲ್ಲ. ಕೆಳಗೆ ಸೈಕಲ್ ಅಂಗಡಿಯವರು ನೋಡ್ತಿದ್ರು. ಬೇಗ ಮುಗಿಸ್ಬೇಕು ಅನ್ನಿಸ್ತು."

"ಅದೇ," ಅಂದರು ಅಜ್ಜಿ. "ಹೆದರೋಕೂ ಪುರುಸೊತ್ತಿರಲಿಲ್ಲ." ಅವರು ಸರ್ ಕಡೆ ತಿರುಗಿದರು. "ಆ ಏಳನೇ ಕುರ್ಚಿಗೆ ಇವಳನ್ನು ಕೂರಿಸಿ."

"ಅಜ್ಜಿ, ಮುಗಿದ ಕೆಲಸಕ್ಕೆ ಹೇಳದೆ ಕೇಳದೆ ಕೈ ಹಾಕಿದ್ದಾಳೆ. ಇವತ್ತು ಮರ್ಯಾದೆ ಹೋಗ್ತಿತ್ತು."

"ಹೌದು. ಅದಕ್ಕೆ ಬೈಯಿರಿ. ಬೈದಾದ ಮೇಲೆ ಕೂರಿಸಿ."

"ಅರ್ಜಿ ಹಾಕಿದವರು ಅಷ್ಟು ಜನ ಇದ್ದಾರೆ."

"ಅವರಲ್ಲಿ ಯಾರಾದ್ರೂ ನನಗೆ ಮೋಸ ಮಾಡಬಲ್ಲರಾ, ಕೇಳಿ ನೋಡಿ."

ಸರ್ ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದು ಬೈದರು. ಚೆನ್ನಾಗಿಯೇ ಬೈದರು. ಹೇಳದೆ ಕೆಲಸ ಮಾಡುವವರು ಹೇಳಿಯೂ ಮಾಡದವರಿಗಿಂತ ಅಪಾಯ ಅಂದರು, ಇಡೀ ದೃಶ್ಯ ನೋಡದೆ ಹಾಳೆ ಮುಟ್ಟಬಾರದು ಅಂದರು, ನಾನು ಪ್ರತಿಯೊಂದಕ್ಕೂ ತಲೆಯಾಡಿಸಿದೆ. ನಡುವೆ ಎರಡು ಸಲ ಗಡಿಯಾರ ನೋಡಿಕೊಂಡರು. "ಸೋಮವಾರ ಬೆಳಿಗ್ಗೆ ಕನ್ನಡಿ ಸರಿಯಾಗಿರಬೇಕು. ಇನ್ನು ಮೇಲೆ ಏನಾದ್ರೂ ಕಂಡ್ರೆ ಬಾಯಿಬಿಟ್ಟು ಹೇಳ್ಬೇಕು, ಗೊತ್ತಾಯ್ತಾ? ಮೆಲ್ಲಗಾದ್ರೂ ಪರವಾಗಿಲ್ಲ, ನಾನು ಕಿವಿ ಕೊಡ್ತೀನಿ. ಹೋಗು, ಅಲ್ಲಿ ಕೂತ್ಕೋ. ಈ ತಿಂಗಳಿಂದ ಆ ಮೇಜು ನಿಂದು."

ನಾನು ಕಾರಿಡಾರಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. ಕಾರ್ಖಾನೆಯ ಯಂತ್ರದ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

"ನಿಮ್ಮ ಮೇಸ್ತ್ರಿಗೆ ನಾನು ಬರಲ್ಲ ಅಂತ ಹೇಳು," ಅಂದೆ.

"ಏನು? ಜೋರಾಗಿ ಹೇಳೇ."

"ನಾನು ಡಬ್ಬ ಮಡಚೋಕೆ ಬರಲ್ಲ," ಅಂದೆ ಜೋರಾಗಿ. ಕಾರಿಡಾರಿನ ಕೊನೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಮೂವತ್ತು ಮಕ್ಕಳೂ ತಿರುಗಿ ನೋಡಿದರು.

"ಕುರ್ಚಿ ಸಿಕ್ತಾ?" ಅಂದಳು ಅಕ್ಕ.

ಒಂದು ಕುರ್ಚಿ ಖಾಲಿಯಿದೆ ಎಂದು ಮನೆಯಲ್ಲಿ ಒಮ್ಮೆ ಅಂದಿದ್ದೆ, ಅದು ನನಗೆ ಬೇಕೆಂದು ಅವಳಿಗೆ ಯಾವತ್ತೂ ಹೇಳಿರಲಿಲ್ಲ. "ನಿನಗೆ ಹೇಗೆ ಗೊತ್ತು?"

"ಎರಡು ವರ್ಷದಿಂದ ಭಾನುವಾರ ಭಾನುವಾರ ಕಿಟಕಿಗೆ ಅಂಟ್ಕೊಂಡಿರ್ತೀಯ. ಹಲ್ಲಿ ಹಿಡಿಯೋಕೆ ಅಂತ ನಾವು ಅಂದ್ಕೊಂಡಿದ್ವಿ ಅಂತೀಯಾ? ಇಡು ಫೋನು, ಮೇಸ್ತ್ರಿ ಬರ್ತಿದ್ದಾರೆ. ಈಗಲೇ ಹೇಳಿಬಿಡ್ತೀನಿ."

ಏಳನೆಯ ಮೇಜಿನ ದೀಪ ಹಾಕಿದಾಗ ಅದು ಎರಡು ಸಲ ಮಿಣುಕಿ ಹತ್ತಿಕೊಂಡಿತು. ಕುರ್ಚಿ ನನಗೆ ಎತ್ತರವಾಗಿತ್ತು, ಕಾಲು ನೆಲಕ್ಕೆ ತಾಗಲಿಲ್ಲ. ಅಜ್ಜಿ ತಮಗೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಕನ್ನಡಿಯ ದೃಶ್ಯದ ಹದಿನಾರು ಹಾಳೆಗಳು ಮುಂದಿದ್ದವು. ನಾನು ಮೊದಲ ಕಿವಿ ಬರೆದೆ. ಅಜ್ಜಿ ರಬ್ಬರ್ ತೆಗೆದುಕೊಂಡು ಅಳಿಸಿದರು. ಮತ್ತೆ ಬರೆದೆ, ಮತ್ತೆ ಅಳಿಸಿದರು. "ಉಸಿರು ಹಿಡೀಬೇಡ," ಅಂದರು. ನಾಲ್ಕನೆಯ ಸಲವೂ ಅಳಿಸಿದರು, ಹಾಳೆಯ ಮೇಲಿನ ಪುಡಿ ಊದಿದರು. ಆರನೆಯ ಸಲ ನನಗೆ ಸಿಟ್ಟು ಬಂತು. ಅವರನ್ನು ನೋಡದೆ, ಬುಡದಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಎಳೆದು ಮಡಚಿಬಿಟ್ಟೆ.

ಅಜ್ಜಿಯ ಕೈ ರಬ್ಬರಿನತ್ತ ಹೋಗಲಿಲ್ಲ. ಹಾಳೆಯನ್ನು ಎತ್ತಿ ತಮ್ಮ ಪಕ್ಕಕ್ಕಿಟ್ಟುಕೊಂಡು, ಎರಡನೆಯ ಹಾಳೆಯನ್ನು ನನ್ನ ಮುಂದೆ ಸರಿಸಿದರು.